ಕಾಗದ ಬರುವವರೆಗೆ ಕೈಗೇನು ಕೆಲಸ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪರದೇಶಕ್ಕೆ ಬಂದು ಐದು ತಿಂಗಳಾಯಿತು. ಹೆಂಡತಿಗೆ ಕೆಲಸ ಮಾಡಲು ಇನ್ನೂ ಅನುಮತಿ ಸಿಕ್ಕಿಲ್ಲ. ಇಲ್ಲಿರಲು ಬೇಕಾದ ಕಾಗದಪತ್ರಕ್ಕೆ ಹಾಕಿದ ನಿಮ್ಮ ಅರ್ಜಿ ಯಾವುದೋ ಕಚೇರಿಯ ಮೇಜಿನ ಮೇಲೆ ಕೂತಿದೆ. ಆರು ವರ್ಷದ ಮಗಳು ದಿನಾ ರಾತ್ರಿ "ವಾಪಸ್ ಯಾವಾಗ ಹೋಗೋಣ" ಅಂತ ಕೇಳುತ್ತಾಳೆ. "ಅಣ್ಣಾ, ನೀವೆಲ್ಲ ಇಷ್ಟು ವರ್ಷ ಹೇಗೆ ಖುಷಿಯಾಗಿ ಇದ್ದೀರಿ? ಎಷ್ಟು ದಿನಕ್ಕೆ ಎಲ್ಲಾ ಸರಿಹೋಗುತ್ತೆ?" ಅಂದಿದ್ದೀರಿ.

ಎಷ್ಟು ದಿನ ಅನ್ನುವ ಲೆಕ್ಕ ಬಿಟ್ಟುಬಿಡಿ. ಆ ಲೆಕ್ಕ ಇಟ್ಟುಕೊಂಡೇ ನಾನು ಮೊದಲ ವರ್ಷ ಹಾಳು ಮಾಡಿಕೊಂಡೆ. ಕಾಗದ ಬಂದಮೇಲೆ ನೆಮ್ಮದಿ ಅಂದುಕೊಂಡೆ. ಒಂದು ಕಾಗದ ಬಂತು, ಅದರ ಹಿಂದೆ ಇನ್ನೊಂದು ಬೇಕು ಅಂದರು. ಪರದೇಶದ ಬದುಕಿನಲ್ಲಿ ಯಾವಾಗಲೂ ಏನಾದರೊಂದು ಬಾಕಿ ಇರುತ್ತದೆ. ಕೆಲಸ ಜಾಸ್ತಿ ಅಂತಲ್ಲ ನಮಗೆ ಸುಸ್ತು. ಮಾಡಿದ ಯಾವ ಕೆಲಸವೂ ಮುಗಿಯಿತು ಅನ್ನಿಸುವುದಿಲ್ಲ, ಅದಕ್ಕೆ ಸುಸ್ತು.

ನಾನು ಬಂದದ್ದು 2008ರಲ್ಲಿ. ಅದೇ ವರ್ಷ ಜಗತ್ತಿನ ಹಣಕಾಸು ಕುಸಿದುಬಿತ್ತು. 2009ರ ಚಳಿಗಾಲದಲ್ಲಿ ನನ್ನ ಕೆಲಸವೂ ಹೋಯಿತು. ಹೊಟ್ಟೆಯಲ್ಲಿ ಮಗು ಇದ್ದ ಹೆಂಡತಿ, ಬಾಡಿಗೆ ಮನೆ, ಸಂಜೆ ನಾಲ್ಕಕ್ಕೇ ಕತ್ತಲು. ಬೆಳಿಗ್ಗೆ ಒಂದಿಷ್ಟು ಅರ್ಜಿ ಕಳಿಸುವುದು, ಆಮೇಲೆ ಇಡೀ ದಿನ ಇಮೇಲ್ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುವುದು. ಅಷ್ಟೇ ನನ್ನ ದಿನಚರಿ.

ನನಗೆ ಮೊದಲಿಂದಲೂ ಮರಗೆಲಸ ಇಷ್ಟ. ಆದರೆ ಬಾಡಿಗೆ ಮನೆಯ ತೆಳು ಗೋಡೆಯ ಆಚೆ ಇನ್ನೊಂದು ಸಂಸಾರ. ಗರಗಸ, ಸುತ್ತಿಗೆ, ಮರದ ಪುಡಿ ಇದ್ಯಾವುದೂ ಅಲ್ಲಿ ಆಗುವ ಮಾತಲ್ಲ. ಅಮ್ಮನಿಗೆ ಫೋನ್ ಮಾಡಿ ಬೇಜಾರು ತೋಡಿಕೊಂಡಾಗ ಅವರು, "ಮಗುವಿಗೆ ಒಂದು ಟೋಪಿ ಹೆಣಿ. ಕ್ರೋಶಾ ಕಡ್ಡಿ ಒಂದು, ಉಲ್ಲನ್ ಉಂಡೆ ಒಂದು ಸಾಕು. ಸದ್ದೂ ಇಲ್ಲ, ಕಸವೂ ಇಲ್ಲ" ಅಂದರು. ಕ್ರೋಶಾ ಅಂದರೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಿಂದ ದಾರವನ್ನು ಕುಣಿಕೆ ಕುಣಿಕೆಯಾಗಿ ಹೆಣೆಯುವುದು. ಗಂಡಸು ಕೂತು ಕ್ರೋಶಾ ಹಾಕುವುದಾ ಅಂತ ನಕ್ಕೆ. ಅಮ್ಮ ನಗಲಿಲ್ಲ. "ಬೇರೆ ಏನು ಕಡಿದು ಗುಡ್ಡೆ ಹಾಕ್ತಿದ್ದೀಯ ಈಗ?" ಅಂದರು. ಸರಿ, ಆ ಪ್ರಶ್ನೆಗೆ ಎದುರುತ್ತರ ಇರಲಿಲ್ಲ.

ಆಗ ನಮ್ಮಿಬ್ಬರ ನಡುವೆ ಇದ್ದದ್ದು ಬರೀ ದನಿ. ಅಮ್ಮ ಬಾಯಲ್ಲೇ ಹೇಳಿಕೊಟ್ಟರು. "ಕುಣಿಕೆ ಒಳಗೆ ಕಡ್ಡಿ ಹಾಕು, ದಾರ ಸುತ್ತು, ಎಳಿ. ಎಳೆದೆಯಾ? ಏನು ಎಳೆದೆ?" ಒಂದು ವಾರ ಹೀಗೇ ನಡೆಯಿತು. ಬಂದದ್ದು ಟೋಪಿಯಲ್ಲ, ಒಂದು ತ್ರಿಕೋನ. ಸಾಲು ಸಾಲಿಗೂ ಅದು ಚಿಕ್ಕದಾಗುತ್ತಾ ಹೋಗಿತ್ತು. ಹೊಸಬರು ಎಲ್ಲರೂ ಮಾಡುವ ತಪ್ಪು ಅದು: ಸಾಲಿನ ಕೊನೆಯ ಕುಣಿಕೆ ಸ್ವಲ್ಪ ಮರೆಯಲ್ಲಿರುತ್ತದೆ, ಅದನ್ನು ಬಿಟ್ಟು ತಿರುಗಿಬಿಡುತ್ತೇವೆ. ಪ್ರತಿ ಸಾಲಿಗೂ ಎಣಿಸಿದರೆ ಆ ತಪ್ಪು ಆಗುವುದಿಲ್ಲ.

ಎರಡನೇ ಟೋಪಿಯದು ಬೇರೆ ಕಥೆ. ಕ್ರೋಶಾದ ಹೊಲಿಗೆಗಳಿಗೆ ಅಮೆರಿಕದ ಹೆಸರುಗಳು ಬೇರೆ, ಬ್ರಿಟನ್ನಿನ ಹೆಸರುಗಳು ಬೇರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಮೆರಿಕದವರು ಸಿಂಗಲ್ ಅನ್ನುವುದನ್ನು ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನವರಿಗೆ ಟ್ರೆಬಲ್. ನಾನು ಅಮೆರಿಕದ ವಿಡಿಯೋ ನೋಡಿ ಕಲಿತು, ಬ್ರಿಟನ್ನಿನ ನಮೂನೆ ಹಿಡಿದು ಟೋಪಿ ಹಾಕಿದೆ. ಗಿಡ್ಡ ಹೊಲಿಗೆ ಬರಬೇಕಾದ ಕಡೆಯಲ್ಲೆಲ್ಲ ಉದ್ದ ಹೊಲಿಗೆ ಬಂತು. ಹುಟ್ಟಲಿರುವ ಮಗುವಿಗೆ ಅಂತ ಹಾಕಿದ ಟೋಪಿ ನನ್ನ ತಲೆಗೆ ಸರಿಯಾಗಿ ಕೂತಿತು! ಕೆಲಸ ಹೋದಮೇಲೆ ನಮ್ಮ ಮನೆಯಲ್ಲಿ ಮೊದಲ ಸಲ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತು. ಆ ಟೋಪಿ ಈಗಲೂ ಇದೆ, ಚಳಿಗೆ ನಾನೇ ಹಾಕಿಕೊಳ್ಳುತ್ತೇನೆ.

ಟೋಪಿ ಕೆಟ್ಟಿತ್ತು, ಆದರೆ ಮುಗಿದಿತ್ತು. ಬಾಕಿ ಇಲ್ಲದ ಒಂದು ವಸ್ತು ಮನೆಯಲ್ಲಿ ಇತ್ತು. ಅದು ನನಗೆ ಎಷ್ಟು ಬೇಕಾಗಿತ್ತು ಅಂತ ಅವತ್ತೇ ಗೊತ್ತಾದದ್ದು.

ಶುರು ಮಾಡುವುದಾದರೆ ನನ್ನ ಅನುಭವದ ನಾಲ್ಕು ಮಾತು. 5 ಮಿ.ಮೀ. ಕಡ್ಡಿ, ಮಧ್ಯಮ ದಪ್ಪದ ಉಲ್ಲನ್. ಉಂಡೆಯ ಚೀಟಿಯ ಮೇಲೆ ಯಾವ ಅಳತೆಯ ಕಡ್ಡಿ ಬೇಕು ಅಂತ ಬರೆದಿರುತ್ತದೆ. ತಿಳಿ ಬಣ್ಣವನ್ನೇ ತಗೊಳ್ಳಿ, ಕಪ್ಪು ದಾರದಲ್ಲಿ ಕುಣಿಕೆಗಳು ಕಾಣುವುದೇ ಇಲ್ಲ. ದೊಡ್ಡದೇನಾದರೂ ಮಾಡುವಾಗ ಎಲ್ಲಾ ಉಂಡೆಗಳ ಚೀಟಿಯಲ್ಲೂ ಡೈ ಲಾಟ್ ಸಂಖ್ಯೆ, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ದಾರಕ್ಕೆ ಕೊಡುವ ಸಂಖ್ಯೆ, ಒಂದೇ ಇದೆಯಾ ನೋಡಿ. ಬೇರೆ ಬೇರೆ ಸಲ ಬಣ್ಣ ಹಾಕಿದ ದಾರ ಅಂಗಡಿಯಲ್ಲಿ ಒಂದೇ ಥರ ಕಂಡರೂ ಹೊದಿಕೆಯಲ್ಲಿ ಪಟ್ಟೆ ಬೀಳುತ್ತದೆ. ಮತ್ತೆ, ನಿಜವಾದ ಕುರಿ ಉಣ್ಣೆಯದ್ದನ್ನು ಬಿಸಿನೀರಲ್ಲಿ ಮೆಷಿನ್‌ಗೆ ಹಾಕಲೇಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಶಾಖ, ನೀರು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಹೆಂಡತಿಗೆ ಅಂತ ಎರಡು ತಿಂಗಳು ಕೂತು ಹಾಕಿದ ಶಾಲು ಕರವಸ್ತ್ರ ಆದದ್ದು ಹೀಗೆ. ಮಗು ಇರುವ ಮನೆಗೆ ಅಕ್ರಿಲಿಕ್ ಅಥವಾ ಹತ್ತಿ ದಾರವೇ ವಾಸಿ.

ಇದೆಲ್ಲ ಸುಮ್ನೆ ಟೈಂಪಾಸ್ ಅಂತ ನಿಮಗೆ ಅನ್ನಿಸಬಹುದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಜೊತೆಗಾರರು ನಡೆಸಿದ ಒಂದು ಪ್ರಯೋಗ 2016ರಲ್ಲಿ ಪ್ರಕಟವಾಯಿತು. 39 ಜನರನ್ನು 45 ನಿಮಿಷ ಬಣ್ಣ, ಜೇಡಿಮಣ್ಣು, ಕಾಗದದ ಜೊತೆ ಕೂರಿಸಿದರು. ಮೊದಲೂ ಆಮೇಲೂ ಎಂಜಲು ಪರೀಕ್ಷೆ ಮಾಡಿ ಕಾರ್ಟಿಸಾಲ್ ನೋಡಿದರು. ಒತ್ತಡ ಬಂದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಸಣ್ಣ ಪ್ರಯೋಗ, ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ, ಹಾಗಾಗಿ ಅದನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ ವಿಷಯ: ಮೊದಲೇ ಕೈ ಪಳಗಿದವರಿಗೂ ಏನೂ ಬಾರದವರಿಗೂ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತ್ರಿಕೋನದ ಟೋಪಿ ಹೆಣೆಯುವವನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ?

ಪ್ರಾರ್ಥನೆಯಿಂದ ಸಮಾಧಾನ ಸಿಗುತ್ತದಾ ಅಂತ ದೇವರ ವಿಷಯವನ್ನೂ ಕೇಳಿದ್ದೀರಿ, ಸ್ವಲ್ಪ ಹಿಂಜರಿಯುತ್ತಾ. ನಾನು ದೊಡ್ಡ ಭಕ್ತ ಏನಲ್ಲ. ಕೆಲಸ ಹೋದ ಹೊಸದರಲ್ಲಿ ನನ್ನ ಪ್ರಾರ್ಥನೆ ಅಂದರೆ ಅರ್ಜಿ ಇದ್ದ ಹಾಗಿತ್ತು. ಕೆಲಸ ಕೊಡು, ಕಾಗದ ಕೊಡು. ಕಚೇರಿಗೆ ಕಳಿಸಿದ ಅರ್ಜಿಗಳ ಜೊತೆಗೆ ಇದೂ ಒಂದು, ಇದಕ್ಕೂ ಉತ್ತರ ಬಾಕಿ. ಅದರಿಂದ ಕೋಪ ಬಂತೇ ಹೊರತು ಸಮಾಧಾನ ಬರಲಿಲ್ಲ.

ಬದಲಾದದ್ದು ಈ ಎಣಿಕೆಯಿಂದಲೇ. ಕುಣಿಕೆ ಎಣಿಸುತ್ತಾ ಕೂತಾಗ ತಲೆಯೊಳಗಿನ ಗಲಾಟೆ ತಣ್ಣಗಾಗುವುದು ಗೊತ್ತಾಗುತ್ತಿತ್ತು. ಆಗ ಹೊಳೆಯಿತು, ಇದು ಹೊಸದೇನಲ್ಲ ಅಂತ. ಜಪಮಾಲೆಯಲ್ಲಿ 108 ಮಣಿ. ಕ್ಯಾಥೊಲಿಕರ ರೋಜರಿಯಲ್ಲಿ ಸಾಮಾನ್ಯವಾಗಿ 59. ಮುಸ್ಲಿಮರ ತಸ್ಬಿಯಲ್ಲಿ 33 ಅಥವಾ 99. ಯಾವ ಧರ್ಮವೇ ಆಗಲಿ, ಮನಸ್ಸು ಓಡುತ್ತದೆ ಅಂತ ಗೊತ್ತಿದ್ದವರು ಬೆರಳಿಗೆ ಒಂದು ಕೆಲಸ ಕೊಟ್ಟಿದ್ದಾರೆ. ಅವತ್ತಿಂದ ಬೆಳಿಗ್ಗೆ ಹತ್ತು ನಿಮಿಷ, ಇಮೇಲ್ ತೆರೆಯುವ ಮೊದಲು, ಏನೂ ಕೇಳದೆ ಕೂರುತ್ತೇನೆ. ಇಮೇಲ್ ತೆರೆಯುವ ಮೊದಲು ಅನ್ನುವುದು ಮುಖ್ಯ. ನೋಡಿದ ಮೇಲೆ ಕೂತರೆ ಆ ಹತ್ತು ನಿಮಿಷವೂ ಆ ಕಚೇರಿಯ ಪಾಲಾಗುತ್ತದೆ. ನಿಮಗೆ ದೇವರಲ್ಲಿ ನಂಬಿಕೆ ಇಲ್ಲದಿದ್ದರೂ ಕೂತುನೋಡಿ. ಇದ್ದರೆ, ನಿಮ್ಮ ಪ್ರಾರ್ಥನಾ ಸ್ಥಳ ಎಷ್ಟೇ ದೂರ ಇದ್ದರೂ ತಿಂಗಳಿಗೆ ಒಮ್ಮೆಯಾದರೂ ಹೋಗಿ. ದೇವರು ಅಲ್ಲಿ ಮಾತ್ರ ಇದ್ದಾನೆ ಅಂತಲ್ಲ. ನಿಮ್ಮ ಹಾಗೇ ಕಾಗದಕ್ಕೆ ಕಾಯುತ್ತಿರುವ ಹತ್ತು ಜನ ಅಲ್ಲಿ ಸಿಗುತ್ತಾರೆ.

2020ರಲ್ಲಿ ಅಪ್ಪ ಹೋದರು. ವಿಮಾನ ಇರಲಿಲ್ಲ. ಎಲ್ಲವನ್ನೂ ಫೋನಿನ ಪರದೆಯಲ್ಲಿ ನೋಡಿದೆ, ನಡುವೆ ಎರಡು ಸಲ ನೆಟ್ ಹೋಯಿತು. ಇದರ ಬಗ್ಗೆ ಜಾಸ್ತಿ ಬರೆಯಲಾರೆ.

ಆಮೇಲೆ ಅಮ್ಮ ಫೋನಲ್ಲಿ ಮಾತಾಡುವುದೇ ಕಡಿಮೆ ಮಾಡಿದರು. "ಊಟ ಆಯ್ತಾ", "ಆಯ್ತು", ಆಮೇಲೆ ಮೌನ. ದಿನಾ ಮಾತಾಡಬೇಕು, ಆದರೆ ಮಾತಾಡಲು ಇದ್ದದ್ದು ಒಂದೇ ವಿಷಯ, ಅದನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಒಂದು ದಿನ ನಾನೇ ಹೇಳಿದೆ, "ಅಮ್ಮ, ಒಂದು ಹೊದಿಕೆ ಹಾಕೋಣ. 24 ಚೌಕ ನೀವು ಅಲ್ಲಿ ಹಾಕಿ, 24 ನಾನು ಇಲ್ಲಿ ಹಾಕ್ತೀನಿ. ಬಂದಾಗ ಜೋಡಿಸೋಣ." ಅಂದಿನಿಂದ ಫೋನನ್ನು ಎದುರಿಗೆ ಒರಗಿಸಿ ಇಟ್ಟುಕೊಂಡು ಇಬ್ಬರೂ ಹಾಕುತ್ತಾ ಕೂರುತ್ತಿದ್ದೆವು. ಮಾತಾಡಲೇಬೇಕು ಅನ್ನುವ ಒತ್ತಾಯ ಹೋಯಿತು. ವಿಚಿತ್ರ ನೋಡಿ, ಆಗ ಮಾತು ತಾನಾಗಿಯೇ ಬಂತು. ಅಪ್ಪನ ಬಗ್ಗೆಯೂ ಬಂತು. ಕಣ್ಣು ದಾರದ ಮೇಲಿದ್ದಾಗ ಕೆಲವು ಮಾತು ಆಡುವುದು ಸುಲಭ.

ಆ ಹೊತ್ತಿಗೆ ನನ್ನ ಮಗಳಿಗೆ ಹತ್ತು ವರ್ಷ. ಅವಳೂ ಬಂದು ಕೂರತೊಡಗಿದಳು. ಅವಳು ಎಡಗೈಯವಳು. ನಾನು ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ಹೇಳಿಕೊಟ್ಟರೂ ಅವಳಿಗೆ ಬರುತ್ತಿರಲಿಲ್ಲ. ಅಜ್ಜಿ ಫೋನಿನಲ್ಲಿ ಒಂದೇ ಸಂಜೆಗೆ ಕಲಿಸಿಬಿಟ್ಟರು. ಕಾರಣ ಸರಳ. ಎದುರಿಗೆ ಕೂತ ಬಲಗೈಯವರ ಬಲಗೈ ನಮ್ಮ ಎಡಕ್ಕೆ ಕಾಣುತ್ತದೆ. ಎಡಗೈಯ ಮಗು ಅದನ್ನು ಕನ್ನಡಿ ನೋಡಿದ ಹಾಗೆ ನೋಡಿ, ಹಾಗೇ ಮಾಡಿದರೆ ಸಾಕು. ನಿಮ್ಮ ಮಗಳು ಬಲಗೈಯವಳಾದರೆ, ಹೇಳಿಕೊಡುವವರ ಭುಜದ ಹಿಂದಿನಿಂದ ಕ್ಯಾಮೆರಾ ಹಿಡಿಯಲು ಯಾರಿಗಾದರೂ ಹೇಳಿ. ಆಗ ಅವರ ಕೈ ಅವಳ ಕೈ ಇದ್ದ ಹಾಗೇ ಕಾಣುತ್ತದೆ.

"ವಾಪಸ್ ಯಾವಾಗ" ಅಂತ ಅವಳು ಕೇಳುವುದಕ್ಕೆ ಉತ್ತರ ಹುಡುಕುತ್ತಾ ಕೂರಬೇಡಿ. ಮಗು ತಾರೀಕು ಕೇಳುತ್ತಿಲ್ಲ, ಅಜ್ಜಿಯನ್ನು ಕೇಳುತ್ತಿದೆ. ಇಬ್ಬರಿಗೂ ಸೇರಿ ಒಂದು ಕೆಲಸ ಹಚ್ಚಿ. ಹೆಂಡತಿಯನ್ನೂ ಎಳೆದುಕೊಳ್ಳಿ, ಆದರೆ "ನಿನಗೆ ಹೇಗಿದ್ದರೂ ಟೈಂ ಇದೆಯಲ್ಲ" ಅಂತ ಮಾತ್ರ ಅನ್ನಬೇಡಿ. ನಾನು ಒಮ್ಮೆ ಅಂದು ಮೂರು ದಿನ ಅನುಭವಿಸಿದ್ದೇನೆ. ಕೆಲಸ ಬಿಟ್ಟು ಬಂದವರಿಗೆ ಆ ಮಾತು ಎಲ್ಲಿ ತಾಗುತ್ತದೆ ಅಂತ ನಮಗೆ ಬೇಗ ತಿಳಿಯುವುದಿಲ್ಲ. ಫೋನಿಗೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ನೀವಿರುವ ಕಡೆ ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇದ್ದರೆ ಅದನ್ನು ಊರಿನವರಿಗೆ ಮೊದಲೇ ಹೇಳಿ. ನಮ್ಮಮ್ಮ ಒಮ್ಮೆ ಒಂದು ಗಂಟೆ ಫೋನ್ ಹಿಡಿದು ಕಾದು, ನನಗೆ ಏನೋ ಆಗಿದೆ ಅಂತ ಇಡೀ ಬೀದಿಗೆ ಗಾಬರಿ ಹುಟ್ಟಿಸಿದ್ದರು.

ಇನ್ನೊಂದು ಮಾತು, ಇದನ್ನು ಸಲೀಸಾಗಿ ದಾಟಬೇಡಿ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಸರಿಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬೆಳಗಾದರೆ ಏಳಲು ಆಗುತ್ತಿಲ್ಲ ಅಂದರೆ ಅದಕ್ಕೆ ಉಲ್ಲನ್ನೂ ಸಾಲದು, ಪ್ರಾರ್ಥನೆಯೂ ಸಾಲದು. ಡಾಕ್ಟರ ಹತ್ತಿರ ಹೋಗಿ. ನಿಮಗಾಗಲಿ, ನಿಮ್ಮ ಹೆಂಡತಿಗಾಗಲಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯುವುದಲ್ಲ, ಅವತ್ತೇ ಹೋಗಿ.

ಹೊದಿಕೆ ಏನಾಯಿತು ಅಂತ ಹೇಳಲಿಲ್ಲ ಅಲ್ವಾ? 2022ರಲ್ಲಿ ಹೋದಾಗ ಅಮ್ಮನ 24 ಚೌಕ, ನನ್ನ 24 ಚೌಕ ನೆಲದ ಮೇಲೆ ಹರಡಿದೆವು. ಅದೇ ಅಳತೆಯ ಕಡ್ಡಿ, ಅದೇ ದಪ್ಪದ ದಾರ. ಆದರೂ ಅಮ್ಮನದೆಲ್ಲ 12 ಸೆಂ.ಮೀ., ನನ್ನದೆಲ್ಲ 13. ಅಮ್ಮನ ಕೈ ಬಿಗಿ, ನನ್ನದು ಸಡಿಲ. ಬಿಚ್ಚಿ ಮತ್ತೆ ಹಾಕೋಣ ಅಂದೆ. ಅಮ್ಮ ಬಿಡಲಿಲ್ಲ. ಅವರ ಚೌಕಗಳಿಗೆ ಸುತ್ತಲೂ ಇನ್ನೊಂದು ಸಾಲು ಹಾಕಿ ದೊಡ್ಡದು ಮಾಡಿ ಜೋಡಿಸಿದರು. ಹಾಗೂ ಒಂದು ಮೂಲೆ ಸುಕ್ಕಾಗಿದೆ.

ಅಮ್ಮನ ಫೋನ್ ಬರುವ ಹೊತ್ತಾಯಿತು. ಈಗ ಹೊಸದೊಂದು ಶುರು ಮಾಡಿದ್ದೇವೆ, ನನ್ನ ಪಾಲು ಒಂಬತ್ತು ಚೌಕ ಹಿಂದೆ ಇದೆ. ಮೊದಲ ಸಾಲು ಹಾಕಿದ ಮೇಲೆ ಒಂದು ಫೋಟೋ ಕಳಿಸಿ, ಕೊನೆಯ ಕುಣಿಕೆ ಬಿಟ್ಟಿದ್ದೀರಾ ನೋಡಿ ಹೇಳುತ್ತೇನೆ.