ಪದೇ ಪದೇ ಟೈಪಾದ ಹನ್ನೆರಡು ಪದಗಳು

(ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ನನ್ನ ಬಳಿ ಆಪ್ತಸಲಹೆಗೆ ಮೊದಲು ಬಂದವರು ಹೆಂಡತಿ. "ರಾತ್ರಿ ಎರಡು ಗಂಟೆಗೆ ಎದ್ದು ಲ್ಯಾಪ್‌ಟಾಪ್ ತೆಗೀತಾರೆ ಮೇಡಂ. ನಾನು ಮಗ್ಗುಲು ಬದಲಿಸಿದ್ರೆ ಪಟ್ ಅಂತ ಮುಚ್ತಾರೆ. ಬೇರೆ ಯಾರೋ ಅವ್ಳೆ ಅಂದ್ಕೊಂಡೆ" ಎಂದರು. ಮುಂದಿನ ಸಲ ಗಂಡನನ್ನೂ ಕರೆತಂದರು. ಊರು ಮಂಡ್ಯದ ಕಡೆ, ಕೆಲಸ ಮೈಸೂರಿನ ಒಂದು ಕಾರ್ಖಾನೆಯಲ್ಲಿ, ವಯಸ್ಸು ನಲವತ್ತರ ಹತ್ತಿರ. ಇಲ್ಲಿ ಅವರನ್ನು ರವಿ ಎನ್ನೋಣ.

ಬೇರೆ ಯಾರೂ ಇರಲಿಲ್ಲ, ಇದ್ದದ್ದು ಬಿಟ್‌ಕಾಯಿನ್. 2024ರ ಜುಲೈನಲ್ಲಿ, ಕ್ರಿಪ್ಟೊ ಕೊಂಡು ಮಾರುವ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾದ ಸುದ್ದಿ ಓದಿ ರವಿ ಬೆದರಿದ್ದರು. ತಮ್ಮದು ಬೇರೆ ಎಕ್ಸ್‌ಚೇಂಜ್‌ನಲ್ಲಿದ್ದರೂ ಎಲ್ಲವನ್ನೂ ಸ್ವಂತ ಲ್ಯಾಪ್‌ಟಾಪಿನ ವಾಲೆಟ್‌ಗೆ, ಅಂದರೆ ಕ್ರಿಪ್ಟೊದ ಕೀಲಿ ಇಟ್ಟುಕೊಳ್ಳುವ ತಂತ್ರಾಂಶಕ್ಕೆ, ಸಾಗಿಸಿಕೊಂಡರು. ಅದನ್ನು ಹಾಕಿಕೊಂಡ ರೀತಿಯಲ್ಲಿ ತಪ್ಪು ಹುಡುಕುವಂತಿಲ್ಲ: ಗೂಗಲ್ ಜಾಹೀರಾತಿನ ಲಿಂಕ್ ಒತ್ತದೆ ತಯಾರಕರ ತಾಣದಿಂದಲೇ ಇಳಿಸಿಕೊಂಡಿದ್ದರು, ಫೈಲು ಅಸಲಿಯೇ ಎಂದು ಡಿಜಿಟಲ್ ಸಹಿಯನ್ನೂ ತಾಳೆ ನೋಡಿದ್ದರು. ತೊಂದರೆ ಶುರುವಾದದ್ದು ಆಮೇಲೆ.

ಇಂಥ ವಾಲೆಟ್ ಮೊದಲ ಸಲ ತೆರೆದಾಗ ಹನ್ನೆರಡೋ ಇಪ್ಪತ್ತನಾಲ್ಕೋ ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ನಾಣ್ಯ ಲ್ಯಾಪ್‌ಟಾಪಿನೊಳಗೆ ಇರುವುದಿಲ್ಲ, ಅದರ ಲೆಕ್ಕ ಇರುವುದು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ. ಆ ಪದಗಳು ಸರಿಯಾದ ಕ್ರಮದಲ್ಲಿ ಯಾರ ಕೈಗೆ ಸಿಕ್ಕವೋ ಹಣ ಅವರದು. ಪಾಸ್‌ವರ್ಡ್ ಕಾಯುವುದು ಆ ಒಂದು ಕಂಪ್ಯೂಟರಿನ ಫೈಲನ್ನು ಮಾತ್ರ. ಪದ ಗೊತ್ತಿದ್ದವನಿಗೆ ಆ ಕಂಪ್ಯೂಟರೂ ಬೇಡ, ಪಾಸ್‌ವರ್ಡೂ ಬೇಡ. ತಪ್ಪಾಯಿತು ಎಂದು ಮೊರೆಯಿಡಲು ಬ್ಯಾಂಕ್ ಮ್ಯಾನೇಜರೂ ಇಲ್ಲ.

ರವಿ ಪದಗಳನ್ನು ಹಾಳೆಯ ಮೇಲೆ ಬರೆದಿಟ್ಟರು. ಸರಿಯಾಗಿ ಬರೆದೆನೇ ಎಂಬ ಅನುಮಾನ ಬಂತು, ಫೋನಿನಲ್ಲಿ ಫೋಟೊ ತೆಗೆದರು. ಫೋನ್ ಕಳೆದರೆ? ತಮಗೆ ತಾವೇ ಇಮೇಲ್ ಮಾಡಿಕೊಂಡರು. ಆದರೂ ಸಮಾಧಾನವಿಲ್ಲ. ರಾತ್ರಿ ಎದ್ದು, ವಾಲೆಟ್ ಅಳಿಸಿ, ಹನ್ನೆರಡು ಪದ ಟೈಪ್ ಮಾಡಿ ಮತ್ತೆ ತೆರೆಯುವುದು. ತೆರೆದುಕೊಂಡರೆ ಅರ್ಧ ಗಂಟೆ ನೆಮ್ಮದಿ. ಆಮೇಲೆ, "ಈಗ ಟೈಪ್ ಮಾಡಿದ್ದನ್ನ ಯಾವುದಾದ್ರೂ ವೈರಸ್ ನೋಡಿಬಿಡ್ತೇನೋ?"

ಆ ಭಯ ಸುಳ್ಳಲ್ಲ, ಈ ಪ್ರಕರಣ ನನಗೆ ಕಷ್ಟವಾದದ್ದು ಅದಕ್ಕೇ. ಗ್ಯಾಸ್ ಆರಿಸಿದೆನೇ ಎಂದು ಹತ್ತು ಸಲ ನೋಡುವವರಿಗೆ ಹತ್ತನೇ ಸಲ ನೋಡಿದ್ದರಿಂದ ಗ್ಯಾಸ್ ಸೋರುವುದಿಲ್ಲ. ರವಿಯ ವಿಷಯದಲ್ಲಿ ಪ್ರತಿ ಪರೀಕ್ಷೆಯೂ ಅಪಾಯವನ್ನು ನಿಜವಾಗಿಯೇ ಹೆಚ್ಚಿಸುತ್ತಿತ್ತು. ಒಂದು ಮೆಸೇಜ್ ಗುಂಪಿನಲ್ಲಿ ಪ್ರಶ್ನೆ ಕೇಳಿದಾಗ 'ಸಪೋರ್ಟ್' ಎಂದು ಹೇಳಿಕೊಂಡವನೊಬ್ಬ ವಾಲೆಟ್ ಸಿಂಕ್ ಮಾಡಿಕೊಡುತ್ತೇನೆ, ಪದಗಳನ್ನು ಈ ಫಾರ್ಮಿನಲ್ಲಿ ತುಂಬಿ ಎಂದಿದ್ದನಂತೆ. ನಾಲ್ಕು ಪದ ತುಂಬಿಯೂ ಆಗಿತ್ತು, ಅಷ್ಟರಲ್ಲಿ ಕರೆಂಟ್ ಹೋಗಿ ವೈಫೈ ನಿಂತಿತು. ಪದ ಕೇಳುವವನು ಯಾರೇ ಆಗಿರಲಿ, ಕಳ್ಳನೇ.

ಹಳೆಯದನ್ನು ಕೆದಕಿದಾಗ ಇನ್ನಷ್ಟು ಸಿಕ್ಕಿತು. ಕಾಲೇಜಿನ ದಿನಗಳಲ್ಲೂ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ಹಾಸ್ಟೆಲಿನ ಬೀಗ ಎಳೆದು ನೋಡುತ್ತಿದ್ದರು. ಹಾಗಾಗಿ "ಮಾರಿ ಒಂದು ಸೈಟ್ ತಗೊ" ಎಂಬ ಮಾವನವರ ಸಲಹೆಯನ್ನು ನಾನು ಅನುಮೋದಿಸಲಿಲ್ಲ. ಮಾರಿದ್ದರೆ ಅನುಮಾನ ಸೈಟಿನ ಕಾಗದಪತ್ರಕ್ಕೆ ಅಂಟಿಕೊಳ್ಳುತ್ತಿತ್ತು, ಅಷ್ಟೆ. ಕ್ರಿಪ್ಟೊ ಕೊಳ್ಳಬೇಕೋ ಬೇಡವೋ ಎಂಬುದು ಆಪ್ತಸಲಹೆಗಾರರ ಪ್ರಶ್ನೆಯೇ ಅಲ್ಲ. ಗೀಳು ಕಾಯಿಲೆಯ (ಒಸಿಡಿ) ಲಕ್ಷಣ ಸ್ಪಷ್ಟವಿದ್ದುದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ. ಅವರು ಔಷಧಿ ಶುರು ಮಾಡಿದರು.

ಗೀಳಿನ ಚಿಕಿತ್ಸೆಯಲ್ಲಿ ಅನುಮಾನವನ್ನು ಬರಗೊಟ್ಟು, ಪರೀಕ್ಷೆಯನ್ನು ತಡೆಯುತ್ತೇವೆ. ಆದರೆ ಫೋಟೊ, ಇಮೇಲ್ ಎಲ್ಲ ಹಾಗೇ ಇರುವಾಗ "ಪರೀಕ್ಷಿಸಬೇಡಿ" ಎನ್ನುವುದು ಅಪ್ರಾಮಾಣಿಕ. ಹೆಸರು ಹೇಳದೆ, ಪರಿಚಯದ ಎಂಜಿನಿಯರ್ ಒಬ್ಬರನ್ನು ವಿಚಾರಿಸಿದೆ. ಹಳೆಯ ಹನ್ನೆರಡು ಪದ ಬಯಲಾದವು ಎಂದೇ ತಿಳಿಯಬೇಕು, ಫೋಟೊ ಅಳಿಸಿದರೆ ಸಾಲದು ಎಂದರು. ಅದರಂತೆ ರವಿ ಒಂದು ಹಾರ್ಡ್‌ವೇರ್ ವಾಲೆಟ್ ತರಿಸಿದರು. ಅದರಲ್ಲಿ ಹೊಸ ಪದಗಳು ಆ ಪುಟ್ಟ ಸಾಧನದ ಪರದೆಯ ಮೇಲೇ ಬರುತ್ತವೆ, ಲ್ಯಾಪ್‌ಟಾಪ್ ಅವನ್ನು ನೋಡುವುದೇ ಇಲ್ಲ. ಮೊದಲು ಚಿಲ್ಲರೆ ಮೊತ್ತ ಕಳಿಸಿ, ಸಾಧನವನ್ನು ಅಳಿಸಿ, ಬರೆದಿಟ್ಟ ಪದಗಳಿಂದ ಅದರಲ್ಲೇ ಮರಳಿ ತೆರೆದು, ಉಳಿದದ್ದನ್ನು ಆಮೇಲೆ ಕಳಿಸಿದರು. ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಷ್ಟರಲ್ಲಿ ಬದಲಿಸಿಬಿಡುವ ಮಾಲ್‌ವೇರ್ ಇರುವುದರಿಂದ, ಸಾಧನದ ಪರದೆಯಲ್ಲಿ ಕಾಣುವ ವಿಳಾಸವನ್ನೇ ಅಕ್ಷರ ಅಕ್ಷರ ಹೋಲಿಸಿದರು. ಆ ಒಂದು ಪರೀಕ್ಷೆಗೆ ಒಪ್ಪಿಗೆ ಕೊಟ್ಟೆ. ಎರಡನೆಯದಕ್ಕೆ ಇಲ್ಲ.

"ನನ್ನ ಕೈಬರಹ ಕೋಳಿ ಕೆದಕಿದಂಗೆ, ಮುಂದೆ ಓದಕ್ಕಾಗದಿದ್ರೆ?" ಎಂಬ ಅನುಮಾನ ಉಳಿದಿತ್ತು. ಇದಕ್ಕೆ ಸಮಾಧಾನ ಹೇಳಲಿಲ್ಲ, ಮಾಹಿತಿ ಕೊಟ್ಟೆ. ವಾಲೆಟ್ ಈ ಪದಗಳನ್ನು ಆರಿಸುವ ಬಿಪ್-39 ಎಂಬ ಪಟ್ಟಿಯಲ್ಲಿರುವುದು 2048 ಪದಗಳು, ಮೊದಲ ನಾಲ್ಕು ಅಕ್ಷರ ಓದಿದರೆ ಪದ ಯಾವುದೆಂದು ಗೊತ್ತಾಗುತ್ತದೆ. ಒಂದು ಸಲ ಹೇಳಿದೆ. ಮತ್ತೆ ಕೇಳಿದಾಗ "ಆಗಲೇ ಹೇಳಿದೆನಲ್ಲ" ಎಂದು ಸುಮ್ಮನಾದೆ. ಹೆಂಡತಿಗೂ ಹಾಗೇ ಮಾಡಲು ಹೇಳಿಕೊಟ್ಟೆ. ಅವರಿಗೇ ಇದು ಹೆಚ್ಚು ಕಷ್ಟವಾಯಿತು.

ಹೆಂಡತಿಯಿಂದ ಮುಚ್ಚಿಟ್ಟಿದ್ದು ಇನ್ನೊಂದು ತೂತು. ರವಿಗೆ ಏನಾದರೂ ಆದರೆ ಆ ಹಣ ಮನೆಯವರಿಗೆ ದಕ್ಕುತ್ತಿರಲಿಲ್ಲ. ಪದಗಳಿರುವ ಮೊಹರು ಹಾಕಿದ ಲಕೋಟೆ ಎಲ್ಲಿದೆ, ಏನು ಮಾಡಬೇಕು ಎಂಬುದನ್ನು ಈಗ ಅವರಿಗೆ ತಿಳಿಸಿದ್ದಾರೆ. ಆಡಿಟರಿಗೂ ಹೇಳಿರಲಿಲ್ಲವಂತೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭದ ಮೇಲೆ ಶೇ. 30 ತೆರಿಗೆ ಇದೆ, ಒಂದು ಕ್ರಿಪ್ಟೊದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಆ ಮಾತುಕತೆಗೆ ಇಬ್ಬರೂ ಹೋಗಿ ಬಂದರು.

ಬ್ಯಾಲೆನ್ಸ್ ನೋಡುವುದು ಈಗ ತಿಂಗಳಿಗೊಂದು ಭಾನುವಾರ, ಹೆಂಡತಿಯ ಎದುರಲ್ಲೇ. ಎರಡು ಸಲ ನಿಯಮ ಮುರಿದಿದ್ದಾರೆ, ತಾವಾಗಿ ಬಂದು ಹೇಳಿದ್ದಾರೆ. ಕಾಗದ ನೆನೆಯಬಹುದು, ಸುಡಬಹುದು, ಪದಗಳನ್ನು ಉಕ್ಕಿನ ತಗಡಿನ ಮೇಲೆ ಕೆತ್ತಿಸಲೇ ಎಂದು ಮೊನ್ನೆ ಕೇಳಿದರು. ಕೇಳುವಂಥದ್ದೇ. ಬೇರೆಯವರ ಕೈಲಿ ಕೆತ್ತಿಸಬೇಡಿ, ನೀವೇ ಅಚ್ಚೊತ್ತುವ ತಗಡು ಸಿಗುತ್ತದೆ, ಒಂದು ಕೊಂಡುಕೊಳ್ಳಿ, ಆದರೆ ಯಾವ ಕಂಪನಿಯದು ಒಳ್ಳೆಯದೆಂದು ರಾತ್ರಿ ಕೂತು ಹುಡುಕಬೇಡಿ ಎಂದೆ. ಮೊಬೈಲ್ ತೆಗೆದು ತೋರಿಸಿದರು, ಆಗಲೇ ಆರು ಕಂಪನಿಯದು ಹೋಲಿಸಿಟ್ಟಿದ್ದರು.