ಹೇಳಿದ್ದು ಮುಟ್ಟಿತಾ?

ಪ್ರಶ್ನೆ: ಮೇಡಂ, ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಸಂವಹನ ಓದಬೇಕೆಂಬ ಆಸೆ. ಬೇರೆ ಬೇರೆ ಭಾಷೆಯ ಜನ ಒಂದೇ ಕಡೆ ಕೆಲಸ ಮಾಡುವಾಗ ಮಾತು ಹೇಗೆ ನಡೆಯುತ್ತದೆ ಅನ್ನೋದು ನನ್ನ ಕುತೂಹಲ. ಅಪ್ಪ ಭತ್ತ ಬೆಳೆಯುವವರು. "ಮಾತಾಡಾಕೂ ಎರಡು ವರ್ಷ ಓದಬೇಕೇನು?" ಅಂತಾರೆ. ಏನು ಹೇಳಲಿ?
– ಓದುಗಿ, ಸಿರುಗುಪ್ಪ

ಉತ್ತರ: ತಂಗಿ, ಅಪ್ಪ ಕೇಳಿದ್ದರಲ್ಲಿ ತಪ್ಪಿಲ್ಲ. ಉತ್ತರ ಅವರ ಗದ್ದೆಯಲ್ಲೇ ಇದೆ. ಬೆಳೆಗೆ ಹೊಡೆಯೋ ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿ ತಂದು ಅವರ ಮುಂದೆ ಇಡು. ಲೇಬಲ್ ಮೇಲೆ ವಜ್ರದ ಆಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ. ಕೆಂಪು ಅಂದರೆ ಅತಿ ಘೋರ ವಿಷ, ಹಸಿರು ಅಂದರೆ ಎಲ್ಲಕ್ಕಿಂತ ಕಡಿಮೆ. ಓದು ಬಾರದವರಿಗೂ ತಿಳಿಯಲಿ ಅಂತಲೇ ಕಾನೂನು ಈ ಬಣ್ಣಗಳನ್ನು ಕಡ್ಡಾಯ ಮಾಡಿದೆ. ಈಗ ಅಪ್ಪನನ್ನು ಕೇಳು: ಈ ಬಣ್ಣ ಯಾಕೆ ಇದೆ? ಎಷ್ಟು ಹಾಕಬೇಕು ಅಂತ ನಿನಗೆ ಯಾರು ಹೇಳಿದರು? ಗೊಬ್ಬರದ ಅಂಗಡಿಯವರು, ಪಕ್ಕದ ಹೊಲದವರು ಅಂತ ಹೇಳಬಹುದು. ಲೇಬಲ್ ಹೇಳಿದ್ದು ಎಲ್ಲಿ ನಿಂತುಹೋಯಿತು, ಅಂಗಡಿಯವರ ಮಾತು ಯಾಕೆ ಮುಟ್ಟಿತು? ನೀನು ಓದಬೇಕೆಂದಿರುವುದು ಇದನ್ನೇ. ಚೆನ್ನಾಗಿ ಮಾತಾಡುವುದನ್ನು ಕಲಿಸುವ ತರಗತಿಗಳು ಬೇರೆ. ಇಲ್ಲಿ ನಮ್ಮ ಕಣ್ಣು ಯಾವಾಗಲೂ ಕೇಳುವವರ ಮೇಲೆ.

ನಾನು ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ತರಬೇತಿ ವಿಭಾಗದಲ್ಲಿದ್ದವಳು. ಶಿಫ್ಟ್ ಶುರುವಾಗೋ ಮುಂಚೆ ಎಲ್ಲರನ್ನೂ ನಿಲ್ಲಿಸಿ ಸುರಕ್ಷತೆಯ ಮಾತು ಹೇಳುವುದು ರೂಢಿ. ಒಡಿಶಾ, ಜಾರ್ಖಂಡ್, ಬಿಹಾರದವರು, ಆಂಧ್ರದವರು, ನಮ್ಮ ಸಂಡೂರು, ಕೂಡ್ಲಿಗಿಯವರು. ಮಾತು ಹಿಂದಿಯಲ್ಲಿ. ಅದಿರಿನಿಂದ ಕಬ್ಬಿಣ ತೆಗೆಯುವ ಊದು ಕುಲುಮೆಯಿಂದ ಬರುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೋರಿದರೆ ಗಾಳಿ ಹೋಗುವ ಕಡೆಗೆ ಓಡಬಾರದು, ಗಾಳಿಗೆ ಅಡ್ಡವಾಗಿ ಓಡಬೇಕು ಅಂತ ಅಧಿಕಾರಿ ಹೇಳಿದರು. ಎಲ್ಲರೂ ತಲೆ ಆಡಿಸಿದರು. ಮುಗಿದ ಮೇಲೆ ಒಬ್ಬ ಹುಡುಗನನ್ನು ಕೇಳಿದೆ: "ಈಗಲೇ ಸೋರಿತು ಅಂತಿಟ್ಟುಕೋ. ಎಲ್ಲಿಗೆ ಓಡ್ತೀಯ, ತೋರಿಸು." ಅವನು ಗೇಟಿನ ಕಡೆ ಕೈ ತೋರಿಸಿದ. ಅವತ್ತು ಗಾಳಿ ಹೋಗುತ್ತಿದ್ದದ್ದೂ ಗೇಟಿನ ಕಡೆಗೇ.

ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಗಮನಿಸು. ಭಾಷೆಯೊಂದೇ ತೊಡಕಾಗಿದ್ದರೆ ಅನುವಾದ ಮಾಡಿ ಮುಗಿಸಬಹುದಿತ್ತು. ಗುತ್ತಿಗೆದಾರನ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಅವನ ಎದುರು "ಗೊತ್ತಾಗಲಿಲ್ಲ" ಅಂದರೆ ನಾಳೆ ಕೆಲಸ ಇರುತ್ತೋ ಇಲ್ಲವೋ ಅನ್ನೋ ಭಯ. ಆಮೇಲೆ ನಾವು ಸಣ್ಣ ಸಣ್ಣ ಗುಂಪು ಮಾಡಿ, ಮೇಸ್ತ್ರಿಯನ್ನು ದೂರ ಕಳಿಸಿ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಾಣುವ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ನಾವು ಹೇಳಿದ್ದನ್ನು ಅವರಿಂದಲೇ ವಾಪಸ್ ಹೇಳಿಸುತ್ತಿದ್ದೆವು, ನಡೆದು ತೋರಿಸಲು ಹೇಳುತ್ತಿದ್ದೆವು. ಆಸ್ಪತ್ರೆಗಳಲ್ಲೂ ಇದನ್ನು ಬಳಸುತ್ತಾರೆ, ಟೀಚ್-ಬ್ಯಾಕ್ ಅಂತಾರೆ. ಒಂದು ಜೀವ ಉಳಿಸುವ ವಿದ್ಯೆಯನ್ನು ಸುಮ್ನೆ ಮಾತಿನ ಓದು ಅಂತ ಯಾರೂ ತಳ್ಳಿಹಾಕಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಿನ್ನ ತಾಲ್ಲೂಕಿನಲ್ಲೇ ಇನ್ನೂ ಹಳೆಯ ಪಾಠವಿದೆ. ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಲ್ಲಿನ ರೈತರಿಗೆ ಅದು ಹೇಗೆ ತಿಳಿಯಬೇಕು? ಪಕ್ಕದ ಕರ್ನೂಲಿನ ಎರ್ರಗುಡಿ ಶಾಸನದಲ್ಲಿ ದಾರಿಯೂ ಇದೆ: ಅಧಿಕಾರಿಗಳಿಗೆ ಹೇಳಬೇಕು, ಅವರು ಭೇರಿ ಬಾರಿಸಿ ಜನರಿಗೆ ತಿಳಿಸಬೇಕು. ಕಲ್ಲಲ್ಲಿ ಕೆತ್ತಿದರೆ ಸಾಲದು ಅಂತ ಅವರಿಗೂ ಗೊತ್ತಿತ್ತು ಅಲ್ವಾ!

ಕಲಬುರಗಿ, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಎಂ.ಎ. ಇದೆ. ಕಲಿಸುವ ಆಸೆಯಿದ್ದರೆ ಮುಂದೆ ಇದೇ ವಿಷಯದಲ್ಲಿ ಎನ್‌ಇಟಿ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಬಹುದು. ಕೆಲಸ ಪತ್ರಿಕೆಯಲ್ಲಷ್ಟೇ ಇಲ್ಲ. ಕಾರ್ಖಾನೆಯ ತರಬೇತಿ, ಆರೋಗ್ಯ ಪ್ರಚಾರ, ಸ್ವಯಂಸೇವಾ ಸಂಸ್ಥೆಗಳಲ್ಲೂ ಇದೆ. ನಿನಗೆ ಕನ್ನಡದ ಜೊತೆ ತೆಲುಗು ಬರುತ್ತಿದ್ದರೆ ಅದನ್ನು ಅರ್ಜಿಯಲ್ಲಿ ಮುಚ್ಚಿಡಬೇಡ, ಮೊದಲೇ ಬರೆ.

ಪ್ರಶ್ನೆ: ಲಿಂಗಸುಗೂರಿನ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಮೀಟಿಂಗಿನಲ್ಲಿ ವಿದೇಶಿ ಮ್ಯಾನೇಜರ್ ಇರುತ್ತಾರೆ. ದೊಡ್ಡವರು ಮಾತಾಡುವಾಗ ಸುಮ್ಮನಿರುತ್ತೇನೆ. ನನಗೆ ಆಸಕ್ತಿಯೇ ಇಲ್ಲ ಅಂತ ವರದಿ ಬರೆದಿದ್ದಾರೆ.
– ಒಬ್ಬ ಓದುಗ, ರಾಯಚೂರು ಜಿಲ್ಲೆ

ಉತ್ತರ: ತಮ್ಮಾ, ನೀನು ಮರ್ಯಾದೆ ಅಂತ ಸುಮ್ಮನಿದ್ದೆ, ಅವರು ಅದನ್ನು ಉದಾಸೀನ ಅಂತ ಓದಿಕೊಂಡರು. ಹೇಳದೆ ಬಿಟ್ಟದ್ದನ್ನೂ ಸಂದರ್ಭ ನೋಡಿ ಅರ್ಥಮಾಡಿಕೊಳ್ಳುವ ಸಮಾಜಗಳು ಕೆಲವು, ಎಲ್ಲವನ್ನೂ ಬಾಯಿಬಿಟ್ಟೇ ಹೇಳಬೇಕೆನ್ನುವವು ಕೆಲವು ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಬರೆದರು. ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಹಲವು ದೇಶಗಳ ಐಬಿಎಂ ನೌಕರರಿಂದ ಉತ್ತರ ಪಡೆದು, ಮೇಲಿನವರು ಮತ್ತು ಕೆಳಗಿನವರ ನಡುವಿನ ಅಂತರವನ್ನು ಅಳೆಯಲು ನೋಡಿದರು. ಆದರೆ ಅವರ ಅಂಕಿಗಳು ದೇಶದ ಸರಾಸರಿ. ನಿನ್ನ ಮ್ಯಾನೇಜರ್ ಹೀಗೇ ಅಂತ ಅದರಿಂದ ತೀರ್ಮಾನಿಸಬೇಡ, ಅವರನ್ನೇ ಕೇಳು. "ಹಿರಿಯರ ಮಾತಿನ ಮಧ್ಯೆ ಬಾಯಿ ಹಾಕಬಾರದು ಅಂತ ಬೆಳೆದವನು ನಾನು. ನನ್ನ ಅಭಿಪ್ರಾಯ ಯಾವಾಗ ಹೇಳಲಿ?" ಅಂತ ಒಂದು ಮೇಲ್ ಹಾಕು. ಚರ್ಚೆಯ ವಿಷಯ ಮೊದಲೇ ತರಿಸಿಕೊಂಡು, ಒಂದು ಪ್ರಶ್ನೆ ಸಿದ್ಧ ಮಾಡಿಟ್ಟುಕೋ. ಮೀಟಿಂಗಿನ ಶುರುವಿನಲ್ಲೇ ಕೇಳಿಬಿಡು. ಹೊತ್ತು ಹೋದಷ್ಟೂ ಬಾಯಿ ತೆರೆಯೋದು ಕಷ್ಟ.

ಪ್ರಶ್ನೆ: 1975ರಲ್ಲೇ ಊರಿಗೆ ಟಿವಿ ಬಂದಿತ್ತು, ಕೋಳಿ ಜಾಲರಿಯ ದೊಡ್ಡ ಛತ್ರಿ ಹಾಕಿದ್ದರು ಅಂತ ನಮ್ಮ ಅಜ್ಜ ಹೇಳುತ್ತಾರೆ. ನಿಜವಾ?
– ಓದುಗ, ಕೊಪ್ಪಳ

ಉತ್ತರ: ಪೂರ್ತಿ ನಿಜ. ಆಗಿನ್ನೂ ಬೆಂಗಳೂರಲ್ಲಿ ದೂರದರ್ಶನ ಕೇಂದ್ರ ಇರಲಿಲ್ಲ! ಅಮೆರಿಕದ ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೋ ನಡೆಸಿದ 'ಸೈಟ್' ಪ್ರಯೋಗ ಅದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿತು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಕೃಷಿ, ಆರೋಗ್ಯದ ವಿಷಯ. ನೋಡುವವರಿಗೆ ಏನು ಮುಟ್ಟಿತು ಅಂತ ತಿಳಿಯಲು ಸಂಶೋಧಕರು ಕೆಲವು ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದರು.

ನನ್ನದೊಂದು ಕೋರಿಕೆ. ಅಜ್ಜನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಟಿವಿ ಎಲ್ಲಿಟ್ಟಿದ್ದರು, ಯಾರು ಮುಂದೆ ಕೂರುತ್ತಿದ್ದರು, ಯಾವ ಕೇರಿಯವರು ಹೊರಗೆ ನಿಂತು ನೋಡುತ್ತಿದ್ದರು, ಅಲ್ಲಿನ ಕನ್ನಡ ತಿಳಿಯುತ್ತಿತ್ತಾ ಅಂತ ಕೇಳಿ. ಅಜ್ಜಿ ಇದ್ದರೆ ಅವರನ್ನು ಬೇರೆಯಾಗಿ ಕೂರಿಸಿ ಕೇಳಿ, ಹೆಂಗಸರ ಕಥೆ ಬೇರೆಯೇ ಇರಬಹುದು. ಬರೆದು ಕಳಿಸಿ, ಖಂಡಿತ ಓದುತ್ತೇನೆ.