ಬಳ್ಳಾರಿಯ ಹಳೆಯ ಶುಂಠಿ ಸೋಡಾ ಯಾವ ಕಾಲದ್ದು ಎಂದು ಪತ್ತೆ ಮಾಡುವುದು ಹೇಗೆ?

ನಿಮ್ಮ ಅಜ್ಜ ಕೌಲ್ ಬಜಾರಿನಲ್ಲಿ ಶುಂಠಿ ಸೋಡಾ ತುಂಬುತ್ತಿದ್ದರು; ಈಗ ಮನೆಯಲ್ಲಿರುವುದು ಒಂದು ಗೋಲಿ ಬಾಟಲಿ, ಅರ್ಧ ಹರಿದ ಲೇಬಲ್ಲು, ಎರಡು ಲೆಕ್ಕದ ಪುಸ್ತಕ. ಇಷ್ಟರಿಂದ ಶುರುವಾದ ವರ್ಷ ಸಿಕ್ಕೀತೇ ಎಂದು ಕೇಳಿದ್ದೀರಿ. ಸಿಗಬಹುದು. ನನ್ನ ತಾಯಿಯ ತಂದೆಯದೂ ಬ್ರೂಸ್‌ಪೇಟೆಯಲ್ಲಿ ಸೋಡಾ ಫ್ಯಾಕ್ಟರಿ ಇತ್ತು. ಅದರ ಬೆನ್ನು ಹತ್ತಿ ಎರಡು ವರ್ಷ ಓಡಾಡಿದವನು ನಾನು.

ಬಾಟಲಿಯನ್ನು ನೋಡಿದ ಕೂಡಲೇ ‘ಬ್ರಿಟಿಷರ ಕಾಲದ್ದು’ ಅನ್ನಬೇಡಿ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ 1872ರಲ್ಲಿ ಪೇಟೆಂಟ್ ಪಡೆದ. ಬಾಟಲಿಯನ್ನು ತಲೆಕೆಳಗು ಮಾಡಿ ಗ್ಯಾಸು ತುಂಬಿದರೆ ಒಳಗಿನ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ವಾಷರ್‌ಗೆ ಒತ್ತಿ ಹಿಡಿಯುತ್ತದೆ. ಅದೇ ಆಕಾರ ಇವತ್ತಿಗೂ ನಮ್ಮಲ್ಲಿ ಓಡುತ್ತಿದೆ, ಹಾಗಾಗಿ ಆಕಾರದಿಂದ ವರ್ಷ ಹೇಳಲಾಗದು. ತಳದಲ್ಲಿ ಉಬ್ಬಿದ ಅಕ್ಷರವಿದ್ದರೆ ಅದು ಗಾಜಿನ ಕಾರ್ಖಾನೆಯದೂ ಇರಬಹುದು, ಸೋಡಾದವರದೇ ಎಂದುಕೊಳ್ಳಬೇಡಿ. ಒಬ್ಬರ ಬಾಟಲಿಯಲ್ಲಿ ಇನ್ನೊಬ್ಬರು ತುಂಬುವುದೂ ಇತ್ತು.

ನಿಜವಾದ ಸಾಕ್ಷಿ ಲೇಬಲ್ಲು, ಅದರಲ್ಲೂ ವಿಳಾಸ. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮೈಸೂರು ಹೋಗಿ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಹಾಗಾಗಿ ಊರಿನ ಕೆಳಗೆ ‘ಮೈಸೂರು ಸ್ಟೇಟ್’ ಎಂದಿದ್ದರೆ ಆ ಲೇಬಲ್ಲು ಈ ಇಪ್ಪತ್ತು ವರ್ಷದೊಳಗಿನದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬೆಲೆ ಆಣೆಯಲ್ಲಿದ್ದರೆ 1957ಕ್ಕಿಂತ ಹಿಂದಿನದು ಎಂದು ಹಿಡಿಯಬಹುದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಎಫ್‌ಪಿಓ (ಹಣ್ಣಿನ ಉತ್ಪನ್ನಗಳ ಆದೇಶದ ಲೈಸೆನ್ಸ್) ನಂಬರು ಕಂಡರೆ 1955ರ ಆ ಕಾನೂನು ಬಂದಮೇಲಿನದು. ಹರಿದ ತುಂಡಿನಲ್ಲಿ ಇವುಗಳಲ್ಲಿ ಒಂದು ಉಳಿದಿದ್ದರೂ ಸಾಕು.

ಲೆಕ್ಕದ ಪುಸ್ತಕದಲ್ಲಿ ನಾನು ಎಡವಿದ್ದನ್ನು ಹೇಳುತ್ತೇನೆ. ನಮ್ಮದು ತೆಲುಗಿನಲ್ಲಿತ್ತು, ಓದಿಸಲು ಪಕ್ಕದ ಮನೆಯ ಹಿರಿಯರನ್ನು ಹಿಡಿದೆ. ಶುಂಠಿ ಎಸೆನ್ಸ್ ಕೊಂಡ ಮೊದಲ ಬಾಬತ್ತು ‘ವಿಜಯ’ ಸಂವತ್ಸರದ್ದು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ, ವಿಜಯ 1893ರಲ್ಲೂ ಬಂದಿತ್ತು, 1953ರಲ್ಲೂ ಬಂದಿತ್ತು. ಮನೆಯವರೆಲ್ಲ 1893 ಎಂದೇ ನಂಬಿದ್ದರು, ನನಗೂ ಅದೇ ಬೇಕಿತ್ತು. ಆದರೆ ಅದೇ ಪುಟದ ಕೆಳಗೆ ಲಾರಿ ಬಾಡಿಗೆ, ಕರೆಂಟ್ ಬಿಲ್ಲು ಬರೆದಿದ್ದರು. ಅಲ್ಲಿಗೆ ಮಾತು ಮುಗಿಯಿತು. ಬರೀ ಸೋಡಾದ ಲೆಕ್ಕ ಅದಕ್ಕೂ ಹಿಂದಿನ ಪುಸ್ತಕದಲ್ಲಿತ್ತು. ಶುಂಠಿ ಬಂದದ್ದು ಬಳ್ಳಾರಿ ಮೈಸೂರಿಗೆ ಸೇರಿದ ವರ್ಷದಲ್ಲೇ. ಫ್ಯಾಕ್ಟರಿ ಶುರುವಾದ ವರ್ಷ ಬೇರೆ, ಶುಂಠಿ ಸೋಡಾ ಶುರುವಾದ ವರ್ಷ ಬೇರೆ. ನೀವೂ ಎರಡನ್ನೂ ಬೇರೆ ಬೇರೆಯಾಗಿಯೇ ಹುಡುಕಿ: ಗ್ಯಾಸಿನ ಖರೀದಿ ಮೊದಲು ಎಲ್ಲಿದೆ, ಸಕ್ಕರೆ ಮತ್ತು ಎಸೆನ್ಸ್ ಮೊದಲು ಎಲ್ಲಿದೆ ಎಂದು.

ಸರ್ಕಾರಿ ಕಾಗದ ಬೇಕಾದರೆ 1953ಕ್ಕಿಂತ ಹಿಂದಿನದಕ್ಕೆ ಬೆಂಗಳೂರಿಗೆ ಮೊದಲು ಹೋಗಬೇಡಿ, ಚೆನ್ನೈನ ಎಗ್ಮೋರಿನ ಪತ್ರಾಗಾರಕ್ಕೆ ಹೋಗಿ. ಅಜ್ಜನ ವ್ಯಾಪಾರ ರಾಯಚೂರು, ಕೊಪ್ಪಳದ ಕಡೆಗೂ ಇತ್ತು ಎಂದಿದ್ದೀರಲ್ಲ, ಆ ಭಾಗ ನಿಜಾಮರದು. ದಾಖಲೆ ಹೈದರಾಬಾದಿನಲ್ಲಿ ಹುಡುಕಬೇಕು, ಹೆಚ್ಚಿನವು ಉರ್ದುವಿನಲ್ಲಿ. ಅಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಕಂಡರೆ ಇಸವಿ ತಿಳಿಯಲು 590 ಕೂಡಿಸಿ.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮಾಡಿ. ಲೇಬಲ್ಲಿಗೆ ನೀರು ತಾಗಿಸದೆ, ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದು ಎರಡೂ ಬದಿಯ ಫೋಟೊ ತೆಗೆಯಿರಿ. ನಮ್ಮ ಮನೆಯಲ್ಲಿ ಪ್ರೀತಿಯಿಂದ ತೊಳೆದಿಟ್ಟ ಬಾಟಲಿಯಲ್ಲಿ ಈಗ ಊರಿನ ಹೆಸರೂ ಉಳಿದಿಲ್ಲ.